ಸೂಜಿಯಕ್ಕ ಹರಿದ ಅಂಗಿ

ಚಪ್ಪಲಿ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ, ಒಬ್ಬ ಗಿರಾಕಿ ಒಳಗಿದ್ದರೆ ಇನ್ನೊಬ್ಬ ಬೀದಿಯಲ್ಲೇ ಕಾಯಬೇಕಾದಷ್ಟು ಸಣ್ಣ ಹೊಲಿಗೆ ಅಂಗಡಿ. ಅದರ ಒಡತಿಯನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ಹೊಸ ಬಟ್ಟೆ ಹೊಲಿಯುವವರಿಗೆ ಊರಲ್ಲಿ ಬರವಿಲ್ಲ. ಹರಿದದ್ದು ಹರಿದೇ ಇರಲಿಲ್ಲ ಎನ್ನುವಂತೆ ಮಾಡುವವರು ಇವರೊಬ್ಬರೇ. ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ, ಅದೇ ಎಳೆಯಿಂದ ರಫು ಹಾಕುತ್ತಾರೆ.

ಅಂಗಡಿಯ ಮೇಲಿನ ಮನೆಯಲ್ಲಿ ಹದಿನಾರರ ಮಗಳು. ಹೋದ ವರ್ಷ ಶಾಲೆ ಬಿಟ್ಟು ಕೋಣೆಯ ಬಾಗಿಲು ಹಾಕಿಕೊಂಡಳು. ಏನಾಯಿತು ಎಂದು ಕೇಳಿದರೆ ಗೋಡೆಯಾದರೂ ಉತ್ತರ ಕೊಟ್ಟೀತು, ಅವಳು ಕೊಡಳು. ಒಂದು ಸಂಜೆ ಪ್ಯಾಂಟಿನ ಜಿಪ್ ಸರಿಮಾಡಿಸಲು ಬಂದ ಯುವಕನೊಬ್ಬ, ಟೀಪುಡಿ ಎಲ್ಲಿದೆ ಎಂದು ಕೇಳಲು ಕೆಳಗಿಳಿದ ಅವಳನ್ನು ನೋಡಿ ನಿಂತುಬಿಟ್ಟ. ಅವನು ಸಿನಿಮಾ ನಿರ್ದೇಶಕ.

“ಅಕ್ಕಾ, ಇಂಥ ಮುಖನೇ ಹುಡುಕ್ತಿದ್ದೆ.”

“ಇದು ಸಿಡುಕು ಹಿಡಿದ ಮುಖ ಕಣಪ್ಪ. ಮೊದಲು ಚೆನ್ನಾಗೇ ಇತ್ತು.”

“ಸಿಡುಕೇ ಬೇಕಾಗಿರೋದು.”

ಅವನ ಕಥೆಯಲ್ಲಿ ನೊಂದ ಹುಡುಗಿಯೊಬ್ಬಳು ತನ್ನ ಮನೆಯ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾಳೆ. ಗೋಡೆಯೊಳಗೆ ಮುಖವಿಲ್ಲದ ನೆಂಟರು ಊಟಕ್ಕೆ ಕೂತಿರುತ್ತಾರೆ. ಮೆಟ್ಟಿಲುಗಳು ಉಸಿರಾಡುತ್ತವೆ. ಸೂಜಿಯಕ್ಕ ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. “ಕೊನೆಗೆ ಆಚೆ ಬರ್ತಾಳಾ?”

“ಬರ್ತಾಳೆ. ಆದ್ರೆ ಬಂದೋಳು ಅವಳೇನಾ ಅನ್ನೋದು ಗೊತ್ತಾಗಲ್ಲ.”

“ನಿಂಗೂ ಗೊತ್ತಿಲ್ವಾ?”

“ನಂಗೂ ಗೊತ್ತಿಲ್ಲ ಅಕ್ಕಾ.”

ಕಥೆ ಸೂಜಿಯಕ್ಕನ ತಲೆಗೆ ಹತ್ತಲಿಲ್ಲ, ಮಗಳು ಮಾತ್ರ ಮಾಡ್ತೀನಿ ಎಂದಳು. ಚಿತ್ರೀಕರಣ ಶುರುವಾದ ವಾರದಲ್ಲೇ ಮಗಳು ಬೆಳಗ್ಗೆ ತಾನಾಗಿ ಎದ್ದಳು, ತಲೆ ಬಾಚಿದಳು, ಉಪ್ಪು ಸಾಲದು ಎಂದು ಜಗಳ ತೆಗೆದಳು. ಆ ಜಗಳ ಅಮ್ಮನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಿನಿಮಾ ನಿಂತರೆ ಮಗಳು ಮತ್ತೆ ಬಾಗಿಲು ಹಾಕಿಕೊಳ್ಳುತ್ತಾಳೆ. ಅದೊಂದೇ ಅವರ ಭಯ.

ಎಡವಟ್ಟು ಆದದ್ದು ಅವರಿಂದಲೇ. ಹುಡುಗಿ ಗೋಡೆ ಒಡೆದು ಆಚೆ ಬರುವ ದೃಶ್ಯ ಅರ್ಧ ಮುಗಿದಿತ್ತು. ಗೋಡೆಯನ್ನು ನಿಜವಾಗಿಯೇ ಒಡೆದಿದ್ದರಿಂದ ಮತ್ತೆ ತೆಗೆಯುವಂತಿರಲಿಲ್ಲ. ಉಳಿದರ್ಧ ಮರುದಿನ. ಚಿತ್ರೀಕರಣಕ್ಕೆ ಹಿಡಿದಿದ್ದ ಹಳೆಯ ಮನೆ ಸಿಗುವುದೂ ಅಂದಿಗೆ ಕೊನೆ. ಮಗಳು ದೃಶ್ಯದ ಅಂಗಿಯಲ್ಲೇ ಮನೆಗೆ ಬಂದು, ಅದನ್ನು ಕುರ್ಚಿಗೆ ಎಸೆದು ಮಲಗಿದಳು. ಬೆಳಗ್ಗೆ ಅಮ್ಮ ನೋಡಿದರು. ಭುಜದಿಂದ ಪಕ್ಕೆಯವರೆಗೆ ಹರುಕು, ಮೈಯೆಲ್ಲ ಕೆಂಪು ಬಣ್ಣ, ಕೆಸರು. ಹೆತ್ತ ಮಗಳು ನಾಲ್ಕು ಜನರ ಮುಂದೆ ಇದನ್ನು ಹಾಕಿಕೊಂಡು ನಿಲ್ಲುವುದೇ? ಅವಳು ಏಳುವಷ್ಟರಲ್ಲಿ ಅಂಗಿ ಒಗೆತ, ರಫು, ಇಸ್ತ್ರಿ ಎಲ್ಲ ಮುಗಿದು, ಮೊಳೆಗೆ ನೇತಾಡುತ್ತಿತ್ತು.

ಅಮ್ಮ ಮಗಳು ತಂದ ಅಂಗಿ ನೋಡಿ ನಿರ್ದೇಶಕ ಆ ಹಳೆಯ ಮನೆಯ ಮೆಟ್ಟಿಲ ಮೇಲೆ ಕುಸಿದ. ನಿನ್ನೆಯ ಅರ್ಧದಲ್ಲಿ ಹರಿದಿದ್ದ ಅಂಗಿ ಇಂದಿನ ಅರ್ಧದಲ್ಲಿ ಹೊಸದಾಗಿಬಿಟ್ಟಿತ್ತು. ಆ ಪುಟ್ಟ ತಂಡದಲ್ಲಿ ಎಲ್ಲವೂ ಒಂದೊಂದೇ. ಎರಡನೇ ಅಂಗಿ ಎಲ್ಲಿಂದ ಬರಬೇಕು? ಮೂಲೆಯಲ್ಲಿ ನಿಂತ ಮಗಳ ಮುಖ ಹೋದ ವರ್ಷದ ಮುಖವಾಗತೊಡಗಿತ್ತು.

“ಕೊಡಿ, ನಾನೇ ಹರಿದು ಕೊಡ್ತೀನಿ,” ಎಂದರು ಸೂಜಿಯಕ್ಕ.

ಹರಿದರು. ಬಟ್ಟೆ ಎಳೆಯ ಗುಂಟ, ಗೆರೆ ಎಳೆದಂತೆ ನೇರವಾಗಿ, ಬೆರಳಗಲ ಬಿಟ್ಟುಕೊಂಡಿತು.

ಕ್ಯಾಮೆರಾದವಳು ನಿನ್ನೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದಳು. “ಅಕ್ಕಾ, ಇದು ಹರಿದ ಹಾಗಿಲ್ಲ. ಜೇಬು ಇಡೋಕೆ ಗುರುತು ಮಾಡಿದ ಹಾಗಿದೆ.”

“ಕೈಗೆ ಬರಲ್ಲ ಕಣಮ್ಮ. ಬಟ್ಟೆ ಮೇಲೆ ಎಂಥ ಕೋಪ ನಂಗೆ?”

ಮಗಳು ಅಂಗಿ ಕಸಿದುಕೊಂಡು ಬನಿಯನ್ ಮೇಲೆ ತೊಟ್ಟಳು. ಅಮ್ಮನೆದುರು ಬಂದು ನಿಂತಳು. “ಬಟ್ಟೆ ಮೇಲೆ ಬೇಡ, ನನ್ನ ಮೇಲೆ ಇದೆಯಲ್ಲ, ಅದನ್ನ ತೋರಿಸು.”

“ನಿನ್ನ ಮೇಲೆ ಯಾತರ ಕೋಪನೇ, ಚಿನ್ನ?”

“ನೋಡು, ಚಿನ್ನ ಅಂತೆ! ವರ್ಷಪೂರ್ತಿ ಬಾಗಿಲಾಚೆ ನಿಂತು, ಊಟ ಬೇಕಾ ಚಿನ್ನ, ನೀರು ಬೇಕಾ ಚಿನ್ನ. ಒಂದು ಸಲನಾದ್ರೂ ಬಾಗಿಲು ಒದ್ದಿದೀಯಾ? ನಾನು ಸತ್ತಿದ್ರೂ ನೀನು ತಟ್ಟೆ ಇಟ್ಟು ಹೋಗಿರ್ತಿದ್ದೆ!”

“ಬಾಯಿ ಮುಚ್ಚೇ!” ಸೂಜಿಯಕ್ಕನ ಕೈ ಅಂಗಿಯ ಭುಜಕ್ಕೆ ಬಿದ್ದಿತ್ತು. “ತಟ್ಟೆ ಇಟ್ಟು ಹೋಗ್ತಿದ್ನಾ? ಉಸಿರಾಡ್ತಿದೀಯಾ ಇಲ್ವಾ ಅಂತ ಬಾಗಿಲಿಗೆ ಕಿವಿ ಕೊಟ್ಟು ಕೂತಿರ್ತಿದ್ದೆ ಕಣೇ, ಕತ್ತೆ! ಒದ್ದು ಮುರಿಯೋಣ ಅಂತ ದಿನಾ ಅನಿಸ್ತಿತ್ತು! ದಿನಾ!”

ಪರ್ರ್ ಎಂದಿತು ಬಟ್ಟೆ. ಭುಜದಿಂದ ಪಕ್ಕೆಗೆ, ಅಡ್ಡಾದಿಡ್ಡಿ, ರಫು ಸಮೇತ.

ಕ್ಯಾಮೆರಾದವಳು ಫೋಟೊ ನೋಡಿ, ಅಂಗಿ ನೋಡಿ, “ನಿನ್ನೇದಕ್ಕಿಂತ ಸ್ವಲ್ಪ ಜಾಸ್ತಿನೇ ಆಯ್ತು,” ಎಂದಳು.

“ಇರಲಿ, ಆಚೆ ಬರೋವಾಗ ಇನ್ನಷ್ಟು ಹರೀತು ಅಂದ್ಕೊಳ್ಳಿ,” ಎಂದ ನಿರ್ದೇಶಕ, ಎದ್ದು ನಿಂತು. “ಬೇಗ, ಕೆಸರು ತನ್ನಿ!”

ಮಗಳು ಹರುಕಿನಲ್ಲಿ ಬೆರಳಾಡಿಸಿದಳು. “ಅಬ್ಬಾ! ಕೇಳಿಸಿಕೊಂಡು ಕೂರೋಳಿಗೆ ಕೂಗೋಕೂ ಬರುತ್ತಲ್ಲ,” ಎಂದಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

ದೀಪ ಹತ್ತಿತು. ಮಗಳ ಭುಜದಿಂದ ಉದ್ದನೆಯ ದಾರವೊಂದು ಜೋತಾಡುತ್ತಿತ್ತು. ಸೂಜಿಯಕ್ಕನ ಕೈ ತಾನಾಗಿ ಮುಂದೆ ಹೋಯಿತು.

“ಅಮ್ಮಾ!”

ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತರು.