ಹಠ ಹಿಡಿದ ಸೀಮೆಎಣ್ಣೆ ಪಂಪು

1983ರ ಫೆಬ್ರವರಿ ಇರಬೇಕು. ಕಾಪು ಹತ್ತಿರ ನಮ್ಮದು ಅರ್ಧ ಎಕರೆ ಗುಳ್ಳ ಬದನೆಯ ಗದ್ದೆ. ಮರಳುಮಣ್ಣು, ಎರಡು ದಿನ ನೀರು ತಪ್ಪಿದರೆ ಗಿಡ ಉಳಿಯುವುದಿಲ್ಲ. ಗಂಡ ಕೆಲಸಕ್ಕೆಂದು ಮಸ್ಕತ್‌ಗೆ ಹೊರಟ ಮೇಲೆ ಬಾವಿಯ ಪಂಪು ಮಾವನ ಕೈಗೆ ಬಂತು.

ಅದು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಎಂಜಿನ್. ಯಾವ ಎಣ್ಣೆ ಬೇಕೋ ಅತ್ತ ಕಾಕ್, ಅಂದರೆ ಟ್ಯಾಂಕಿನ ಅಡಿಯ ನಲ್ಲಿ, ತಿರುಗಿಸಬೇಕು. ಮೊದಲ ದಿನ ಚೆನ್ನಾಗಿ ಓಡಿತು. ಮರುದಿನ ಬೆಳಿಗ್ಗೆ ಮಾವ ಹಗ್ಗ ಸುತ್ತಿ ಎಳೆದೇ ಎಳೆದರು. ಅದು ಕೆಮ್ಮಲೂ ಇಲ್ಲ. ಮೆಕ್ಯಾನಿಕ್ ಮದುವೆಗೆಂದು ಕಾರ್ಕಳಕ್ಕೆ ಹೋಗಿದ್ದ, ಬರುವುದು ನಾಲ್ಕು ದಿನ ಕಳೆದು. ಅದರ ಮರುದಿನ ಮಧ್ಯಾಹ್ನದ ಹೊತ್ತಿಗೆ ಹೂಬಿಟ್ಟ ಗಿಡಗಳೆಲ್ಲ ಬಾಡಿ ತಲೆ ಬಾಗಿಸಿದವು. ಕೊಡದಲ್ಲಿ ಹೊತ್ತು ಹಾಕಿದ ನೀರು ಎರಡು ಸಾಲಿಗೂ ಸಾಲಲಿಲ್ಲ. ನನಗೆ ಅಳುವೇ ಬಂತು.

"ನಾನು ಒಮ್ಮೆ ನೋಡುತ್ತೇನೆ ಮಾವ," ಎಂದೆ.

"ನೋಡಲಿಕ್ಕೆ ಎಂತ ಉಂಟು? ಅದು ಹೆಂಗಸರ ಕೆಲಸ ಅಲ್ಲ."

"ಮೊನ್ನೆ ನಿಲ್ಲಿಸುವಾಗ ಕಾಕ್ ಯಾವುದರಲ್ಲಿತ್ತು?"

"ಸೀಮೆಎಣ್ಣೆಯಲ್ಲೇ. ನಿಲ್ಲಿಸಲಿಕ್ಕೂ ಪೆಟ್ರೋಲ್ ಸುಡಬೇಕಾ?"

ಗುಟ್ಟು ಅಲ್ಲೇ ಇತ್ತು. ನನ್ನ ಗಂಡ ಕೊನೆಯ ಐದು ನಿಮಿಷ ಪೆಟ್ರೋಲಿನಲ್ಲಿ ಓಡಿಸದೆ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ಮಾವನ ಉಳಿತಾಯದಿಂದ ಕಾರ್ಬುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆ ತುಂಬಿ ಕೂತಿತ್ತು. ತಣ್ಣಗಿನ ಎಂಜಿನ್‌ನಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ. ಅದು ಖಾಲಿಯಾಗದೆ ಪೆಟ್ರೋಲ್ ಒಳಗೆ ಬರುವುದಿಲ್ಲ.

ಗಂಡ ಎಂಜಿನ್ ಬಿಚ್ಚುವಾಗಲೆಲ್ಲ ತಿರುಪುಗಳನ್ನು ಹಿಡಿದು ಪಕ್ಕದಲ್ಲಿ ಕೂತವಳು ನಾನೇ. ಮಾವ ಗೊಣಗುತ್ತಿದ್ದಂತೆ ಬಟ್ಟಲಿನ ಅಡಿಯ ತಿರುಪು ಬಿಚ್ಚಿ ಸೀಮೆಎಣ್ಣೆ ಇಳಿಸಿದೆ. ಕಾಕನ್ನು ಪೆಟ್ರೋಲಿಗೆ ತಿರುಗಿಸಿದರೆ ಧಾರೆ ಬರಬೇಕಿತ್ತು. ಬಂದದ್ದು ನಾಲ್ಕು ಹನಿ. ಆದರೆ ಮಾವನ ಮುಂದೆ ಹಿಂದೆ ಸರಿಯುವವಳು ನಾನಲ್ಲ. ಅಡಿಗೆ ಡಬ್ಬ ಇಟ್ಟು ಕಾಕನ್ನೂ ಬಿಚ್ಚಿ ಟ್ಯಾಂಕಿನ ಪೆಟ್ರೋಲನ್ನು ಇಳಿಸಿದೆ. ಒಳಗಿನ ಜಾಲರಿಗೆ ತುಕ್ಕು ಕೆಸರಿನಂತೆ ಮೆತ್ತಿಕೊಂಡಿತ್ತು. ತೊಳೆದು, ಬಾಯಿಯಿಂದ ಊದಿ ಜೋಡಿಸಿದೆ. ಆ ಪೆಟ್ರೋಲಿನ ರುಚಿ ಎರಡು ದಿನ ನಾಲಿಗೆ ಬಿಡಲಿಲ್ಲ. ಪ್ಲಗ್ ಒರೆಸಿ ಹಗ್ಗ ಎಳೆದೆ.

ಮೂರನೇ ಎಳೆತಕ್ಕೆ ಎಂಜಿನ್ ಗುಡುಗುಡು ಎಂದಿತು. ಪೈಪಿನ ಬಾಯಿಂದ ನೀರು ಚಿಮ್ಮಿದಾಗ ಸೆರಗು ಸಿಕ್ಕಿಸಿಕೊಂಡು ಸಾಲಿನುದ್ದಕ್ಕೂ ನೀರಿನ ಜೊತೆಗೇ ಓಡಿದೆ. ಸಂಜೆಗೆ ಗಿಡಗಳು ತಲೆ ಎತ್ತಿದವು.

ಆಗ ಮಾವ ನನ್ನನ್ನು ಕರೆದು, ಮಗನಿಗೆ ಪತ್ರ ಬರೆಯಲು ಹೇಳಿದರು. ಅವರು ಹೇಳುತ್ತಾ ಹೋದರು, ನಾನು ಬರೆದೆ: "ಎಂಜಿನ್ ಕೆಡಿಸಿದ್ದು ನಾನು, ಸರಿ ಮಾಡಿದ್ದು ನಿನ್ನ ಹೆಂಡತಿ. ಇನ್ನು ಅದನ್ನು ಅವಳೇ ನೋಡಿಕೊಳ್ಳುತ್ತಾಳೆ."

ತನ್ನ ಹೊಗಳಿಕೆಯನ್ನು ತಾನೇ ಬರೆಯುವ ಭಾಗ್ಯ ಎಷ್ಟು ಸೊಸೆಯಂದಿರಿಗೆ ಸಿಗುತ್ತದೆ? ಆ ಹೆಮ್ಮೆ ಇವತ್ತಿಗೂ ಹಾಗೇ ಇದೆ. ಅವರು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಬಿಡಲಿಲ್ಲ.