ನಾಲ್ಕು ಗಂಟೆ ನಲವತ್ತು ನಿಮಿಷ

ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿದ್ದ ಅವಳನ್ನು ಎಲ್ಲರೂ ಟಿಕೆಟ್ ಮೇಡಂ ಎಂದೇ ಕರೆಯುತ್ತಿದ್ದರು. ಯಾವ ಊರಿಗೆ ಎಷ್ಟು ದೂರ, ವಿಮಾನದಲ್ಲಿ ಎಷ್ಟು ಹೊತ್ತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಅಕ್ಕನ ಊರಿಗೆ ಮೂರು ಸಾವಿರದ ನಾನೂರು ಕಿಲೋಮೀಟರು, ನಾಲ್ಕು ಗಂಟೆ ನಲವತ್ತು ನಿಮಿಷ. ತಾಯಿ ಸತ್ತ ಮೇಲೆ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಆ ಅಕ್ಕ ಈಗ ಅಲ್ಲಿ ಆಸ್ಪತ್ರೆ ಸೇರಿದ್ದಳು.

"ಚಿಕ್ಕಮ್ಮಾ, ಅಮ್ಮ ಬಾಗಿಲನ್ನೇ ನೋಡ್ತಾ ಮಲಗಿರ್ತಾಳೆ. ಬೇಗ ಬಂದ್ಬಿಡು" ಎಂದು ಶುಕ್ರವಾರ ಅಕ್ಕನ ಮಗಳು ಫೋನು ಮಾಡಿದಳು.

ಆ ಗಳಿಗೆಯಲ್ಲೇ ಅವಳು ಶನಿವಾರದ ಸೀಟು ಹಿಡಿದಳು. ಆದರೆ ಮನೆಯಲ್ಲಿ ಅತ್ತೆ ತೊಡೆಮೂಳೆ ಮುರಿದುಕೊಂಡು ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವಳು ಕೌಂಟರಿನಲ್ಲಿರುವ ಹೊತ್ತು ಪಕ್ಕದ ಮನೆಯಾಕೆ ಬಂದು ಹೊರಳಿಸಿ ಹೋಗುತ್ತಿದ್ದರು, ಸಂಜೆಯಿಂದ ಬೆಳಗಿನ ತನಕ ಅದು ಅವಳದೇ ಕೆಲಸ.

"ರೈಲಲ್ಲಿ ಮೂರು ದಿನ ಆಗೋ ಹಾಗಿದ್ರೆ ನಾನೇ ಓಡು ಅಂತಿದ್ದೆ" ಎಂದ ಗಂಡ. "ಐದು ಗಂಟೆ ತಾನೆ? ಯಾವತ್ತು ಹೊರಟ್ರೂ ಅವತ್ತೇ ಮುಟ್ತೀಯ. ಅಮ್ಮನ್ನ ನೋಡ್ಕೊಳ್ಳೋಕೆ ಒಬ್ಬರು ಸೋಮವಾರ ಬರ್ತಾರಂತೆ, ಆಮೇಲೆ ಹೋಗು."

"ನಮ್ಮಮ್ಮನಿಗೆ ಕಾಯಿಲೆ ಜೋರಾದಾಗ ಎರಡು ಬಸ್ಸು ಹಿಡಿದು ಹೋಗ್ಬೇಕಿತ್ತು. ದೂರ ಅಂತ ಅವತ್ತೇ ಕಳಿಸಿದ್ರು, ಮುಖ ನೋಡಿದೆ" ಎಂದರು ಅತ್ತೆ ಗೋಡೆ ಕಡೆ ತಿರುಗಿದ್ದಲ್ಲಿಂದಲೇ. "ಸ್ವಲ್ಪ ಈಚೆಗೆ ಹೊರಳಿಸಮ್ಮ."

ಟಿಕೆಟು ಸೋಮವಾರಕ್ಕೆ ಹೋಯಿತು. ಭಾನುವಾರವಿಡೀ ಒಲೆ ಮುಂದೆ ನಿಂತು ಮೂರು ದಿನದ ಅಡುಗೆ ಮಾಡಿ, ಡಬ್ಬಿಗಳಿಗೆ ಸೋಮವಾರ, ಮಂಗಳವಾರ, ಬುಧವಾರ ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಟ್ಟಳು. ಸಂಜೆ ನೋಡಿಕೊಳ್ಳುವ ಹೆಂಗಸು ಫೋನು ಮಾಡಿ, ಗುರುವಾರದ ತನಕ ಆಗುವುದಿಲ್ಲ ಅಂದಳು. ಟಿಕೆಟು ಗುರುವಾರಕ್ಕೆ ಹೋಯಿತು.

ಸೋಮವಾರ ಕೆಲಸದಿಂದ ಬಂದರೆ ಸೋಮವಾರದ ಡಬ್ಬಿ ಖಾಲಿ.

"ಅದು ನಾನಿಲ್ದೇ ಇರೋ ದಿನಕ್ಕೆ ಮಾಡಿದ್ದು."

"ಇತ್ತಲ್ಲ ಅಂತ ತಿಂದೆ. ಕೆಟ್ಟುಹೋಗಲಿ ಅಂತ ಬಿಡ್ಬೇಕಿತ್ತಾ?" ಎಂದ ಗಂಡ. "ಇನ್ನೊಂದ್ಸಲ ಮಾಡಿದ್ರಾಯ್ತು."

ಮಂಗಳವಾರ ಮಂಗಳವಾರದ್ದು ಖಾಲಿಯಾಯಿತು. ಗುರುವಾರಕ್ಕೆ ಮತ್ತೆ ಮೊದಲಿಂದ ಅಡುಗೆ ಆಗಬೇಕು ಎಂದು ಬುಧವಾರ ಕೌಂಟರಿನಲ್ಲೇ ತರಕಾರಿಯ ಪಟ್ಟಿ ಬರೆಯುತ್ತಿದ್ದಳು. ಫೋನು ಬಂತು.

"ಚಿಕ್ಕಮ್ಮಾ, ಅಮ್ಮ ಹೋಗ್ಬಿಟ್ಳು. ನಾಲ್ಕು ಗಂಟೆಗೆ ಎತ್ತುತ್ತಾರಂತೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಕಾಲು. ಆ ದಿನದ ವಿಮಾನ ಹನ್ನೊಂದಕ್ಕೇ ಹಾರಿತ್ತು. ಲೆಕ್ಕ ಹಾಕುವುದಕ್ಕೆ ಏನೂ ಉಳಿದಿರಲಿಲ್ಲ. ಆದರೂ ಒಮ್ಮೆ ಹಾಕಿದಳು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಮೆಲ್ಲಗೆ ಹೇಳಿದ: "ಈಗ ಹೋಗಿ ಏನ್ ಮಾಡ್ತೀಯ, ಹೇಳು. ಇವತ್ತು ನೀನು ಅಡುಗೆಮನೆಗೆ ಹೋಗ್ಬೇಡ. ಡಬ್ಬಿ ಇದೆಯಲ್ಲ."

ಒಳಗಿನಿಂದ ಅತ್ತೆ ಕರೆದರು. ಅವರ ಬೆನ್ನಿನ ಕೆಳಗೆ ಕೈ ತೂರಿಸಿ ಹೊರಳಿಸಿದಳು. ಮುದುಕಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ನಾನೇ ಗದರಿಸಿ ಕಳಿಸ್ಬೇಕಿತ್ತು."

"ಆಗ ನಿಮ್ಮನ್ನ ಯಾರು ಹೊರಳಿಸ್ತಿದ್ರು?"

ಅತ್ತೆ ಮಣಿಕಟ್ಟು ಬಿಟ್ಟರು. ಅವಳು ಬುಧವಾರದ ಡಬ್ಬಿ ತೆಗೆದು ಬಿಸಿಗಿಟ್ಟಳು. ಮೂರು ತಟ್ಟೆ ಜೋಡಿಸಿದಳು.