ಬೋಜಮ್ಮನ ಹಲಸಿನಕಾಯಿ

ರೈಟರ್ ಚಂದ್ರುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎದುರಿಗೆ ಸಿಕ್ಕಿದರೂ ಮಾತಾಡಿಸುವುದಿಲ್ಲ. ಪಾಲಿಬೆಟ್ಟದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಜೀಪು ಓಡಿಸುತ್ತಿದ್ದೆ, ಅವನು ಆಳುಗಳ ಹಾಜರಿ ಬರೆಯುತ್ತಿದ್ದ. ತಿನ್ನುವ ಹಲಸಿನ ಮೇಲೆ ಫಿನಾಯಿಲ್ ಸುರಿಸಿದವನು ಅವನು.

ಇಲ್ಲಿನ ತೋಟಗಳಲ್ಲಿ ಹಲಸು ಹಣ್ಣಾಗಲು ಬಿಡುವುದಿಲ್ಲ. ವಾಸನೆ ಹಿಡಿದು ಆನೆ ಬರುತ್ತದೆ. ಬಲಿತ ಕಾಯಿಗಳನ್ನೆಲ್ಲ ಕೊಯ್ದು ಗುಂಡಿಗೆ ಹಾಕಿ ಮಣ್ಣು ಮುಚ್ಚುತ್ತಾರೆ. ಹಿಂದಿನ ವರ್ಷ ಆನೆ ಲೈನ್ ಮನೆಯ ಗೋಡೆ ಕೆಡವಿ ಒಬ್ಬ ಮುದುಕನ ಕಾಲು ಮುರಿದಿತ್ತು. ಆಮೇಲೆ ಆಳುಗಳಿರುವ ಲೈನಿಗೆ ಒಂದು ಕಾಯಿಯೂ ಹೋಗಕೂಡದು ಎಂದಾಯಿತು. ಅದು ತಪ್ಪು ಅಂತ ನಾನೂ ಹೇಳುವುದಿಲ್ಲ. ಆದರೆ ಫಿನಾಯಿಲ್ ಸುರಿಸಿದ ದಿನವೇ ಬೆಳಿಗ್ಗೆ ಒಳ್ಳೆಯವು ಎರಡನ್ನು ಆರಿಸಿ, ಧಣಿಯ ಬಂಗಲೆಗೆ ಬಂದ ನೆಂಟರಿಗೆ ಅಂತ ನನ್ನ ಜೀಪಿನಲ್ಲೇ ಕಳಿಸಿದವನೂ ಚಂದ್ರುವೇ. ಬಂಗಲೆಯ ಕಡೆ ತಿರುಗಿದರೆ ಆನೆಯ ಸೊಂಡಿಲಿಗೆ ನೆಗಡಿಯೇನೋ!

ಬೋಜಮ್ಮ ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಲೈನ್ ಮನೆಗಳಲ್ಲೇ. ಗಂಡ ಕೆಂಚ ಮರ ಹತ್ತುವವನು. ಕಾಫಿ ಪಿಕಿಂಗಿನಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ, ಬಾಯಿಗೂ ಇರಲಿಲ್ಲ. "ನಮ್ಮ ಡ್ರೈವರಣ್ಣನ ಕೋಪ ಆ ಜೀಪಿನ ಹಾಗೇ. ಸದ್ದೇ ಜಾಸ್ತಿ, ಏರು ಹತ್ತಲ್ಲ" ಎಂದು ಎಲ್ಲರೆದುರು ಆಡಿಕೊಳ್ಳುವಳು. ಬೇರೆ ಯಾರಾದರೂ ಅಂದಿದ್ದರೆ ಅಲ್ಲೇ ಬಾರಿಸಿರುತ್ತಿದ್ದೆ. ಮಗಳು ಸುಮಿತಾ ಕೂಲಿಗೆಂದು ವಯನಾಡಿಗೆ ಹೋಗಿದ್ದಳು, ಅವಳ ಎರಡು ಮಕ್ಕಳು ಇವಳ ಹತ್ತಿರ ಇದ್ದವು.

ಆ ಜೂನಿನಲ್ಲಿ ಮಳೆ ಬಿಡದೆ ಹೊಯ್ದು ಕೆಲಸ ನಿಂತಿತ್ತು. ಕೆಲಸವಿಲ್ಲದಿದ್ದರೆ ಕೂಲಿಯಿಲ್ಲ. ರೇಷನ್ ಅಂಗಡಿಗೆ ಅಕ್ಕಿಯೂ ಬಂದಿರಲಿಲ್ಲ. ಮಳೆ ನಿಂತು ಹೊಳವಾದ ದಿನ ಕೆಂಚನನ್ನು ಮರ ಹತ್ತಿಸಿದರು. ಗಂಡ ಮೇಲಿಂದ ಕೆಡವಿದ ಕಾಯನ್ನು ಹೆಂಡತಿ ತಲೆಯ ಮೇಲೆ ಹೊತ್ತು ಗುಂಡಿಗೆ ಹಾಕಬೇಕು. ಸಂಜೆಯ ತನಕ ಹಾಕಿದಳು. ಕೊನೆಯದನ್ನು ಮಾತ್ರ ಹಾಕದೆ ನಿಂತಳು.

"ರೈಟ್ರೇ, ಇದೊಂದು ಕೊಡಿ. ಮಕ್ಳು ನಿನ್ನೆಯಿಂದ ಕರಿಕಾಪಿ ಕುಡ್ಕೊಂಡಿದಾವೆ. ಈಗ್ಲೇ ಬೇಯಿಸಿ, ಸಿಪ್ಪೆ ಹುಗಿದ್ ಬಿಡ್ತೀನಿ."

"ನಿಂಗೊಂದು ಕೊಟ್ರೆ ಲೈನೆಲ್ಲ ಬಂದು ನಿಲ್ಲುತ್ತೆ. ಹಾಕು ಒಳಗೆ."

ಅವಳು ಹಾಕಲಿಲ್ಲ. ಚಂದ್ರು ಫಿನಾಯಿಲ್ ತರಿಸಿ ಗುಂಡಿಗೆ ಸುರಿಸಿದ, ರಾತ್ರಿ ಯಾರೂ ತೋಡಿಕೊಂಡು ಹೋಗಬಾರದೆಂದು. ಬೋಜಮ್ಮ ಗುಂಡಿಯನ್ನೇ ನೋಡುತ್ತಿದ್ದಳು.

ನಾನು ಶಿರಂಗಾಲದ ರೈತನ ಮಗ. ಓದು ನಾಲ್ಕನೇ ಕ್ಲಾಸಿಗೆ ನಿಂತರೂ ನಮ್ಮ ಮನೆಯಲ್ಲಿ ರಾಗಿ ನಿಂತದ್ದಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳಿ ಏಳುವವನು ನಾನು. ಟಿವಿಯಲ್ಲಿ ಯಾವುದೋ ದೇಶದ ಮಕ್ಕಳು ಪಾತ್ರೆ ಹಿಡಿದು ಗಂಜಿಗೆ ನೂಕಾಡುವುದನ್ನು ತೋರಿಸಿದರೆ, "ಪಾಪ, ಅಲ್ಲಿ ಬೆಳೆಯಿಲ್ಲ" ಎಂದು ಚಾನೆಲ್ ಬದಲಾಯಿಸುತ್ತಿದ್ದೆ. ಇಲ್ಲಿ ಬೆಳೆ ಇತ್ತು. ಒಂದು ಗುಂಡಿಯ ತುಂಬ ಇತ್ತು.

ನನಗೆ ತಡೆಯಲಾಗಲಿಲ್ಲ. ಅವಳ ಕೈಯಿಂದ ಕಾಯಿ ಕಿತ್ತು ಜೀಪಿನ ಹಿಂದಕ್ಕೆ ಹಾಕಿದೆ. "ಹತ್ತು ಬೋಜಮ್ಮ!"

"ದೇವರಾಜು, ಲೈನಿಗೆ ಆನೆ ಬಂದ್ರೆ ನೀನೇ ಜವಾಬ್ದಾರಿ" ಎಂದು ಚಂದ್ರು ಕಿರುಚಿದ.

"ಬರ್ಲಿ, ನಿನ್ನ ಕ್ವಾಟ್ರಸ್ಸಿಗೆ ದಾರಿ ತೋರಿಸ್ತೀನಿ!"

ಕೆಂಚ ಹಗ್ಗ ಸುತ್ತುತ್ತ ಹಿಂದೆ ಉಳಿದ. ಅರ್ಧ ದಾರಿಯ ತಿರುವಿನಲ್ಲಿ ಬ್ರೇಕ್ ಒತ್ತಿದೆ. ರಸ್ತೆಯ ನಡುವೆ ಒಂಟಿ ಸಲಗ ನಿಂತಿತ್ತು. ರಿವರ್ಸ್ ಹಾಕಿದೆ. ಹಿಂದಿನ ಚಕ್ರ ಕೆಸರಲ್ಲಿ ಹೂತು ಸುತ್ತತೊಡಗಿತು. ಸಲಗ ಸೊಂಡಿಲೆತ್ತಿ ಗಾಳಿ ಮೂಸಿ ಹೆಜ್ಜೆ ಮುಂದಿಟ್ಟಿತು. ನನ್ನ ಕೈ ಹಾರ್ನಿಗೆ ಹೋಯಿತು.

"ಹಾರ್ನ್ ಬ್ಯಾಡ! ಮೈಮೇಲೆ ಬತ್ತದೆ."

"ಹಂಗಾದ್ರೆ ಎಸಿ ಬೋಜಮ್ಮ, ಅದನ್ನ ಎಸಿ!"

ಅವಳು ಎಸೆಯಲಿಲ್ಲ. ತಿರುಗಿ ನೋಡಿದರೆ ಕಾಯನ್ನು ಮಗುವಿನ ಹಾಗೆ ಮಡಿಲಲ್ಲಿ ಅವುಚಿಕೊಂಡಿದ್ದಾಳೆ. ಸಲಗ ಇನ್ನೊಂದು ಹೆಜ್ಜೆ ಬಂತು. ಬಾನೆಟ್ಟಿನ ಮೇಲೆ ಅದರ ಉಸಿರು ಬಿತ್ತು. ಸೊಂಡಿಲು ಗಾಜನ್ನು ಸವರಿ ನನ್ನ ಬದಿಗೆ ಬಂತು. ನನ್ನ ಜೀಪಿಗೆ ಬಾಗಿಲಿಲ್ಲ. ಅದು ತಾಗಿ ನನ್ನ ಭುಜ ಒದ್ದೆಯಾಯಿತು.

ಆಗ ಬೋಜಮ್ಮ ಹಿಂದಿನಿಂದ ಸದ್ದಿಲ್ಲದೆ ಇಳಿದಳು. ಕಾಯನ್ನು ಕಾಫಿ ಗಿಡಗಳ ನಡುವಿನ ಇಳಿಜಾರಿಗೆ ಉರುಳಿಸಿದಳು. ಸೊಂಡಿಲು ನನ್ನನ್ನು ಬಿಟ್ಟಿತು. ಸಲಗ ಕೆಳಗಿಳಿದು, ಕಾಯಿಯ ಮೇಲೆ ಕಾಲಿಟ್ಟಿತು. ಅದು ಒಡೆದ ಸದ್ದು ನನಗೆ ಕೇಳಿಸಿತು. ಅವಳು ಚಕ್ರದ ಕೆಳಗೆ ಸೊಪ್ಪು ತುರುಕಿ ಜೀಪು ನೂಕಿದಳು.

ಚಕ್ರ ಮೇಲೆ ಬಂದೊಡನೆ ಹಿಂದೆ ಹತ್ತಿ ಕೂತಳು. ಆಮೇಲೆ, "ನೀನ್ ರೈಟ್ರ ಮನೇಗ್ ಕರೆದಿದ್ದ ನೆಂಟ ದಾರೀಲೇ ಉಂಡು ಹೋದ" ಎಂದಳು. ನನಗೆ ನಗು ಬರಲಿಲ್ಲ.

ಲೈನಿನಲ್ಲಿ ಮಕ್ಕಳು ಓಡಿ ಬಂದವು. "ಅಜ್ಜಿ, ಏನ್ ತಂದೆ?" ಅವಳು ಬರಿ ಕೈಯನ್ನು ಸೀರೆಗೆ ಒರೆಸಿಕೊಂಡಳು.

ಆ ರಾತ್ರಿ ನನ್ನ ಹೆಂಡತಿ ಬಡಿಸಿದ ಸಾರಿಗೆ ಉಪ್ಪು ಕಮ್ಮಿಯಿತ್ತೋ ಹೆಚ್ಚಿತ್ತೋ ಗೊತ್ತಾಗಲಿಲ್ಲ. ಬೆಳಗಾಗುವುದರೊಳಗೆ ಮನೆಯ ಅಕ್ಕಿಯನ್ನು ಚೀಲಕ್ಕೆ ತುಂಬಿಕೊಂಡು ಹೋದೆ.

"ಇಡು ಅಣ್ಣಾ, ಮಕ್ಳಿಗೆ ಬೇಕು" ಎಂದಳು ಬೋಜಮ್ಮ. ನಾನು ಹಗುರಾಗಿ ತಿರುಗಿದೆ. ಹಿಂದಿನಿಂದ ಕೂಗಿದಳು: "ಇದನ್ನ ಆ ಹಲಸಿನ ಲೆಕ್ಕಕ್ಕೆ ವಜಾ ಹಾಕ್ಬೇಡ. ಅಕ್ಕಿ ನೀನಾಗಿ ಕೊಟ್ಟಿದ್ದು. ನಿನ್ನೆ ಅದನ್ನ ಮಕ್ಳ ಬಾಯಿಂದ ತೆಗೆದು ನಿನ್ನ ಜೀವಕ್ಕೆ ಕೊಟ್ಟೆ. ನಂಗೆ ಹಲಸೇ ಬೇಕು."

"ಮುಂದಿನ್ ವರ್ಷ ನಮ್ ಹಿತ್ಲಿಂದ ತಂದು ಕೊಡ್ತೀನಿ."

"ನೋಡಣ."

ಅದೇ ತಿಂಗಳು ಚಂದ್ರು ನನ್ನನ್ನು ಕೆಲಸದಿಂದ ಬಿಡಿಸಿದ. ಮುಂದಿನ ವರ್ಷ ಶಿರಂಗಾಲದಿಂದ ದೊಡ್ಡದೊಂದು ಕಾಯಿ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದೆ. ಬೋಜಮ್ಮನ ಮನೆಯ ಬಾಗಿಲಲ್ಲಿ ಅಸ್ಸಾಮಿನ ಹುಡುಗಿಯೊಬ್ಬಳು ಕೂಸಿಗೆ ಹಾಲೂಡಿಸುತ್ತಿದ್ದಳು. ನನ್ನ ಭಾಷೆ ಅವಳಿಗೆ ಬಾರದು. ಕೆಂಚ ರೈಟರ ಹತ್ತಿರ ಜಗಳವಾಡಿ, ಬೋಜಮ್ಮನನ್ನೂ ಮೊಮ್ಮಕ್ಕಳನ್ನೂ ಕಟ್ಟಿಕೊಂಡು ತೋಟ ಬಿಟ್ಟನೆಂದು ಪಕ್ಕದ ಮನೆಯವರು ಹೇಳಿದರು. ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ಸುಂಟಿಕೊಪ್ಪದ ತನಕ ತೋಟ ತೋಟ ವಿಚಾರಿಸಿದ್ದೇನೆ, ಈಗಲೂ ವಿಚಾರಿಸುತ್ತೇನೆ.

ಆ ಕಾಯನ್ನು ಅಸ್ಸಾಮಿನ ಹುಡುಗಿಯ ಮುಂದಿಟ್ಟು ಬಂದೆ. ಬೋಜಮ್ಮನದು ಇನ್ನೂ ಕೊಟ್ಟಿಲ್ಲ.